ಮೂಳೆಯ ಒಳಗೆ ನಡೆಯುವ ಕೆಲಸ



ಮಾಂಸದ ಸಾರು ಮಾಡುವ ಮನೆಗಳಲ್ಲಿ ನಲ್ಲಿ ಮೂಳೆಗಾಗಿ ಮಕ್ಕಳ ನಡುವೆ ಜಗಳವಾಗುವುದುಂಟು. ಅದನ್ನು ತಟ್ಟೆಯ ಅಂಚಿಗೆ ಕುಟ್ಟಿ, ಬಾಯಿಟ್ಟು ಹೀರಿ, ಒಳಗಿನ ಮೆತ್ತನೆಯ ಪದಾರ್ಥವನ್ನು ತಿನ್ನುವ ರುಚಿಯನ್ನು ಬಲ್ಲವರೇ ಬಲ್ಲರು. ಮಾಂಸ ತಿನ್ನದ ಮನೆಯವರು ಅದನ್ನು ಜೀವಶಾಸ್ತ್ರದ ಪುಸ್ತಕದ ಚಿತ್ರದಲ್ಲಿ ನೋಡಿರುತ್ತೀರಿ. ಅದರ ಹೆಸರು ಮಜ್ಜೆ. ಕಾಲಿನ ಉದ್ದ ಮೂಳೆಯಿಂದ ತೆಗೆದ ಮಜ್ಜೆ ತೆಳು ಹಳದಿಯಾಗಿ, ಬೆರಳಿಗೆ ಜಿಡ್ಡು ಹತ್ತುವ ಹಾಗೆ ಇರುತ್ತದೆ. ಅದೇ ಪ್ರಾಣಿಯ ಪಕ್ಕೆಲುಬನ್ನೋ ಬೆನ್ನಿನ ಮೂಳೆಯನ್ನೋ ಕತ್ತರಿಸಿ ನೋಡಿದರೆ ಒಳಗೆ ಕೆಂಪು. ಒಂದೇ ದೇಹ, ಒಂದೇ ಬಗೆಯ ಮೂಳೆ, ಒಳಗೆ ಮಾತ್ರ ಎರಡು ಬಣ್ಣ. ಇದಕ್ಕೆ ಕಾರಣವೇನು?

ಕೆಂಪು ಮಜ್ಜೆಯಲ್ಲಿ ರಕ್ತ ತಯಾರಾಗುತ್ತದೆ. ಹಳದಿ ಮಜ್ಜೆಯಲ್ಲಿ ತುಂಬಿರುವುದು ಕೊಬ್ಬು. ನಾವು ಹುಟ್ಟುವಾಗ ನಮ್ಮ ಮೂಳೆಗಳ ಒಳಗೆಲ್ಲ ಹೆಚ್ಚುಕಡಿಮೆ ಕೆಂಪು ಮಜ್ಜೆಯೇ ಇರುತ್ತದೆ. ಬೆಳೆಯುತ್ತ ಹೋದಂತೆ ಮೊದಲು ಕೈಕಾಲಿನ ಬೆರಳುಗಳ ಕಡೆಯಿಂದ ಆರಂಭವಾಗಿ, ಮೆಲ್ಲಮೆಲ್ಲನೆ ಒಳಮುಖವಾಗಿ, ಕೆಂಪು ಹೋಗಿ ಹಳದಿ ಬರುತ್ತದೆ. ಸುಮಾರು ೨೫ ವರ್ಷಕ್ಕೆ ಬರುವ ಹೊತ್ತಿಗೆ ಕೆಂಪು ಮಜ್ಜೆ ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು, ಎದೆಮೂಳೆ, ತಲೆಬುರುಡೆ ಮತ್ತು ತೊಡೆ, ತೋಳುಗಳ ಮೇಲುತುದಿಗಳಲ್ಲಿ ಮಾತ್ರ ಉಳಿಯುತ್ತದೆ. ಆರೋಗ್ಯವಂತ ವಯಸ್ಕರ ಒಟ್ಟು ಮಜ್ಜೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ. ಹೊಟ್ಟೆಯ ಸುತ್ತ ಸೇರುವ ಕೊಬ್ಬಿನ ಬಗ್ಗೆ ನಾವು ಎಷ್ಟೋ ಮಾತನಾಡುತ್ತೇವೆ. ಮೂಳೆಯ ಒಳಗೆ ಕುಳಿತಿರುವ ಈ ಕೊಬ್ಬಿನ ಕಡೆಗೆ ವೈದ್ಯರೂ ಬಹುಕಾಲ ಗಮನ ಕೊಡಲಿಲ್ಲ. ಖಾಲಿ ಜಾಗವನ್ನು ತುಂಬಲು ಪ್ರಕೃತಿ ಇಟ್ಟ ಹತ್ತಿ ಎಂದೇ ಅದನ್ನು ಭಾವಿಸಿದ್ದರು.

ಅದು ಹತ್ತಿಯಲ್ಲ ಎಂಬುದನ್ನು ಇಂದು ನಿಮಗೆ ತಿಳಿಸಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಇದನ್ನು ಓದುತ್ತಿರುವ ನಿಮಗೆ ಇನ್ನೂ ಒಂದು ಮಾತು ಹೇಳಬೇಕು. ನಿಮ್ಮ ಮೂಳೆಯ ಒಳಕ್ಕೆ ಕೈಹಾಕುವ ಮತ್ತೊಂದು ವಸ್ತು ನಿಮ್ಮೂರಿನ ಕೊಳವೆ ಬಾವಿಯ ನೀರಿನಲ್ಲಿದೆ. ಅದರ ಹೆಸರು ಫ್ಲೋರೈಡ್. ಒಂದು ಒಳಗಿನಿಂದ ಬರುತ್ತದೆ, ಇನ್ನೊಂದು ಹೊರಗಿನಿಂದ. ಒಂದು ಮೂಳೆಯನ್ನು ಟೊಳ್ಳು ಮಾಡುವ ಕೆಲಸದ ಜೊತೆಗಾರ, ಇನ್ನೊಂದು ಮೂಳೆಯನ್ನು ದಪ್ಪ ಮಾಡುತ್ತದೆ. ಆದರೆ ಎರಡರಿಂದಲೂ ಮೂಳೆ ದುರ್ಬಲವಾಗುತ್ತದೆ. ಇದು ಹೇಗೆ ಎಂಬುದು ಅರ್ಥವಾದರೆ ಮೂಳೆ ಎಂದರೇನೆಂಬುದೂ ಅರ್ಥವಾದಂತೆಯೇ.

ಮೂಳೆಯನ್ನು ನಾವು ಕಲ್ಲಿನ ಕಂಬದಂತೆ ಕಲ್ಪಿಸಿಕೊಳ್ಳುತ್ತೇವೆ. ಶಾಲೆಯ ಬೀರುವಿನಲ್ಲಿ ತೂಗುಹಾಕಿದ ಅಸ್ಥಿಪಂಜರವನ್ನು ನೋಡಿ ನೋಡಿ ಬಂದ ಕಲ್ಪನೆ ಇದು. ಅದು ಸತ್ತ ಮೂಳೆ. ಬದುಕಿರುವ ಮೂಳೆಯಲ್ಲಿ ಹಗಲಿರುಳು ಕೆಲಸ ನಡೆದಿರುತ್ತದೆ. ಹಳತಾದ ಮೂಳೆಯನ್ನು ಕರಗಿಸುವ ಜೀವಕೋಶಗಳು ಒಂದು ಕಡೆ, ಹೊಸ ಮೂಳೆಯನ್ನು ಕಟ್ಟುವ ಜೀವಕೋಶಗಳು ಇನ್ನೊಂದು ಕಡೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತರಲ್ಲಿ ಒಂದು ಭಾಗ ಪ್ರತಿವರ್ಷ ಹೀಗೆ ಕೆಡವಿ ಕಟ್ಟಲ್ಪಡುತ್ತದೆ. ಕೆಡವುವವರು ಹೆಚ್ಚಾಗಿ ಕಟ್ಟುವವರು ಕಡಿಮೆಯಾದರೆ ಮೂಳೆ ಸವೆಯುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ ಕಾಣುವ ಮೂಳೆ ಸವೆತ ಇದೇ. ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯ ತೊಡೆಮೂಳೆ ಮುರಿಯಿತು ಎಂದು ಕೇಳುತ್ತೇವಲ್ಲ, ಎಷ್ಟೋ ಸಲ ಆ ಮೂಳೆ ಬೀಳುವುದಕ್ಕೆ ಹತ್ತಾರು ವರ್ಷ ಮೊದಲೇ ಒಳಗೊಳಗೆ ತೆಳುವಾಗಿರುತ್ತದೆ.

ಹಾಗಾದರೆ ಮೂಳೆ ಕಟ್ಟುವ ಕೋಶಗಳು ಎಲ್ಲಿಂದ ಬರುತ್ತವೆ? ಮಜ್ಜೆಯಿಂದ. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಸೋವಿಯತ್ ರಷ್ಯದ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮುಖ್ಯರು. ೧೯೬೦ರ ದಶಕದಲ್ಲಿ ಅವರು ಪ್ರಾಣಿಗಳ ಮಜ್ಜೆಯ ಕೋಶಗಳನ್ನು ಅದೇ ಜಾತಿಯ ಪ್ರಾಣಿಯ ದೇಹದ ಬೇರೆ ಜಾಗದಲ್ಲಿ ಇಟ್ಟಾಗ ಅಲ್ಲಿ ಮೂಳೆ ಬೆಳೆಯಿತು. ಮಜ್ಜೆಯಲ್ಲಿ ಒಂದು ಬಗೆಯ ಆಕರಕೋಶಗಳಿವೆ ಎಂಬುದು ಕ್ರಮೇಣ ತಿಳಿಯಿತು. ಸ್ವಾರಸ್ಯವಿರುವುದು ಮುಂದೆ. ಇದೇ ಆಕರಕೋಶ ಮೂಳೆ ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬು ತುಂಬಿಕೊಳ್ಳುವ ಕೋಶವೂ ಆಗಬಲ್ಲದು.

ಮಾಲೂರಿನ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ ಇಟ್ಟಿಗೆಯನ್ನೂ ಮಾಡುತ್ತಾರೆ, ಹೆಂಚನ್ನೂ ಮಾಡುತ್ತಾರೆ. ಕಲಸಿಟ್ಟ ಜೇಡಿಮಣ್ಣು ಯಾವ ಅಚ್ಚಿಗೆ ಬೀಳುತ್ತದೋ ಆ ರೂಪ ಪಡೆಯುತ್ತದೆ. ಇರುವುದು ಒಂದು ಗಾಡಿ ಮಣ್ಣು. ಅದರಲ್ಲಿ ಹೆಚ್ಚು ಹೆಂಚಾದರೆ ಇಟ್ಟಿಗೆ ಕಡಿಮೆ. ಮಜ್ಜೆಯಲ್ಲಿಯೂ ಲೆಕ್ಕ ಬಹುಮಟ್ಟಿಗೆ ಹೀಗೆಯೇ. ಆಕರಕೋಶಗಳು ಕೊಬ್ಬಿನ ಅಚ್ಚಿಗೆ ಹೆಚ್ಚಾಗಿ ಬಿದ್ದರೆ ಮೂಳೆ ಕಟ್ಟುವವರ ಸಂಖ್ಯೆ ಇಳಿಯುತ್ತದೆ. ಹೋಲಿಕೆಯನ್ನು ತೀರಾ ಎಳೆಯಬಾರದು. ಮಣ್ಣಿಗೆ ತನ್ನದೇ ಇಚ್ಛೆಯಿಲ್ಲ, ಜೀವಕೋಶಕ್ಕೆ ನೂರು ಕಡೆಯಿಂದ ಸೂಚನೆಗಳು ಬರುತ್ತಿರುತ್ತವೆ. ಆದರೂ ಮುಖ್ಯ ಸಂಗತಿ ಇದರಿಂದ ತಿಳಿಯುತ್ತದೆ.

ಫ್ರಾನ್ಸಿನ ಪಿಯೆರ್ ಮ್ಯೂನಿಯೆ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಸೊಂಟದ ಮೂಳೆಯಿಂದ ತೆಗೆದ ೮೪ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ನೋಡಿದರು. ಮೂಳೆ ಸವೆದವರಲ್ಲಿ ಮಜ್ಜೆಯ ಜಾಗವನ್ನು ಕೊಬ್ಬು ಹೆಚ್ಚಾಗಿ ಆಕ್ರಮಿಸಿಕೊಂಡಿತ್ತು. ಈಗ ಮೂಳೆಗೆ ಸೂಜಿ ಚುಚ್ಚದೆಯೇ ಎಂ.ಆರ್.ಐ. ಯಂತ್ರದಿಂದ ಒಳಗಿನ ನೀರಿನ ಪಾಲೆಷ್ಟು, ಕೊಬ್ಬಿನ ಪಾಲೆಷ್ಟು ಎಂದು ಅಳೆಯಬಹುದು. ಅಂತಹ ಅಳತೆಗಳಲ್ಲೂ ಇದೇ ಜೋಡಿ ಮತ್ತೆ ಮತ್ತೆ ಕಾಣಿಸಿದೆ. ಬೆನ್ನುಮೂಳೆಯ ಒಳಗೆ ಕೊಬ್ಬು ಹೆಚ್ಚಿರುವಲ್ಲಿ ಮೂಳೆ ಸಾಮಾನ್ಯವಾಗಿ ತೆಳು. ಕೊಬ್ಬೇ ಮೂಳೆಯನ್ನು ತಿಂದಿತೆ, ಇಲ್ಲವೆ ಮೂಳೆ ಹೋದ ಜಾಗಕ್ಕೆ ಕೊಬ್ಬು ಬಂದು ಕೂತಿತೆ ಎಂಬುದನ್ನು ಒಂದೇ ಮಾತಿನಲ್ಲಿ ತೀರ್ಮಾನಿಸಲು ಬಾರದು. ಎರಡೂ ನಡೆಯುತ್ತವೆ ಎನ್ನಬೇಕಾಗುತ್ತದೆ.

ಈ ಅಚ್ಚಿನ ಆಟಕ್ಕೆ ಒಂದು ಪ್ರಬಲ ಸಾಕ್ಷಿ ಔಷಧದ ಅಂಗಡಿಯಿಂದ ಬಂತು. ಸಕ್ಕರೆ ಕಾಯಿಲೆಗೆ ರೋಸಿಗ್ಲಿಟಜೋನ್ ಎಂಬ ಮಾತ್ರೆ ಬಳಕೆಯಲ್ಲಿತ್ತು. ಅದು ಕೋಶದೊಳಗಿನ ಯಾವ ಸ್ವಿಚ್ಚನ್ನು ಒತ್ತಿ ಸಕ್ಕರೆ ಇಳಿಸುತ್ತದೋ, ಅದೇ ಸ್ವಿಚ್ಚು ಆಕರಕೋಶವನ್ನು ಕೊಬ್ಬಿನ ಕಡೆಗೆ ತಿರುಗಿಸುತ್ತದೆ. ೨೦೦೬-೦೭ರ ಹೊತ್ತಿಗೆ, ಅದನ್ನು ವರ್ಷಗಟ್ಟಲೆ ತೆಗೆದುಕೊಂಡ ಹೆಂಗಸರಲ್ಲಿ ಮೂಳೆಮುರಿತ ಹೆಚ್ಚಾಗಿರುವುದು ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿತು. ಭಾರತದಲ್ಲಿ ಆ ಔಷಧವನ್ನು ೨೦೧೦ರಲ್ಲಿ ನಿಷೇಧಿಸಲಾಯಿತು. ನಿಷೇಧಕ್ಕೆ ಮುಖ್ಯ ಕಾರಣ ಹೃದಯದ ತೊಂದರೆ, ಮೂಳೆಯಲ್ಲ. ಆದರೆ ಮೂಳೆಯ ಅಧ್ಯಯನ ಮಾಡುವವರಿಗೆ ಅದು ಕಲಿಸಿದ ಪಾಠ ದೊಡ್ಡದು.

ಇಷ್ಟು ಕೇಳಿದ ಮೇಲೆ, ತೆಳ್ಳಗಿದ್ದರೆ ಮಜ್ಜೆಯ ಕೊಬ್ಬೂ ಕಡಿಮೆ ಇರುತ್ತದೆ ಎಂದು ನಿಮಗನ್ನಿಸಬಹುದು. ಸಣ್ಣಗಾಗಬೇಕೆಂದು ಬೆಳಗಿನ ತಿಂಡಿ ಬಿಟ್ಟು ಕಾಲೇಜಿಗೆ ಬರುವ ಹುಡುಗಿಯರು ಈ ಮಾತನ್ನು ಗಮನವಿಟ್ಟು ಓದಬೇಕು. ಊಟವನ್ನೇ ದ್ವೇಷಿಸುವ ಅನೊರೆಕ್ಸಿಯ ಎಂಬ ಕಾಯಿಲೆಯಲ್ಲಿ ಮೈಮೇಲಿನ ಕೊಬ್ಬೆಲ್ಲ ಕರಗಿ ಹೋಗುತ್ತದೆ. ಮಜ್ಜೆಯ ಕೊಬ್ಬು ಮಾತ್ರ ಹೆಚ್ಚುತ್ತದೆ! ಆರೋಗ್ಯವಂತ ಹೆಂಗಸರಿಗಿಂತ ಈ ಕಾಯಿಲೆಯವರ ಬೆನ್ನುಮೂಳೆಯಲ್ಲಿ, ತೊಡೆಮೂಳೆಯಲ್ಲಿ ಕೊಬ್ಬು ಜಾಸ್ತಿ, ಮೂಳೆ ಕಡಿಮೆ. ಹಸಿವು ತೀವ್ರವಾದಾಗ ದೇಹ ಮೂಳೆ ಕಟ್ಟುವ ದುಬಾರಿ ಕೆಲಸವನ್ನು ನಿಲ್ಲಿಸಿ, ಆಕರಕೋಶಗಳನ್ನು ಉಗ್ರಾಣದ ಕಡೆಗೆ ಕಳಿಸುತ್ತದೋ ಏನೋ ಎಂಬಂತೆ ಇದು ಕಾಣುತ್ತದೆ. ಮಜ್ಜೆಯ ಕೊಬ್ಬು ಹೊಟ್ಟೆಯ ಕೊಬ್ಬಿನ ತಮ್ಮನಲ್ಲ, ಅದರ ನಡತೆಯೇ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹಾಗೆಂದು ಅದನ್ನು ಶತ್ರು ಎಂದು ಕರೆಯುವುದೂ ಸರಿಯಲ್ಲ. ಅದು ಹಾರ್ಮೋನುಗಳನ್ನು ಸ್ರವಿಸುತ್ತದೆ. ಅಗತ್ಯ ಬಿದ್ದಾಗ ಇಂಧನವಾಗುತ್ತದೆ. ಬಹಳ ರಕ್ತ ಹೋದಾಗ ಹಳದಿ ಮಜ್ಜೆ ಮತ್ತೆ ಕೆಂಪಾಗಿ ರಕ್ತ ತಯಾರಿಸಲು ತೊಡಗುವುದುಂಟು. ಅಂತರಿಕ್ಷ ನಿಲ್ದಾಣದಲ್ಲಿ ಆರು ತಿಂಗಳಿದ್ದು ಬಂದ ೧೪ ಗಗನಯಾತ್ರಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ ೨೦೨೩ರಲ್ಲಿ ಪ್ರಕಟವಾಯಿತು. ಭೂಮಿಗೆ ಮರಳಿದ ಸುಮಾರು ಆರು ವಾರಗಳಲ್ಲಿ ಅವರ ಬೆನ್ನುಮೂಳೆಯ ಮಜ್ಜೆಯ ಕೊಬ್ಬು ಇಳಿದಿತ್ತು. ಕಳೆದುಕೊಂಡಿದ್ದ ರಕ್ತಕಣಗಳನ್ನೂ ಮೂಳೆಯನ್ನೂ ಮತ್ತೆ ಕಟ್ಟಲು ದೇಹ ಆ ಇಂಧನವನ್ನು ಬಳಸಿಕೊಂಡಿರಬೇಕು ಎಂದು ಅಧ್ಯಯನ ಮಾಡಿದವರ ವಿವರಣೆ. ಇದಕ್ಕೆ ವಿರುದ್ಧವಾಗಿ, ಎರಡು ತಿಂಗಳು ಹಾಸಿಗೆಯಲ್ಲೇ ಮಲಗಿಸಿ ನಡೆಸಿದ ಪ್ರಯೋಗದಲ್ಲಿ ಆರೋಗ್ಯವಂತ ಹೆಂಗಸರ ಬೆನ್ನುಮೂಳೆಯ ಮಜ್ಜೆಯಲ್ಲಿ ಕೊಬ್ಬು ಏರಿತ್ತು. ಮೂಳೆಯ ಮೇಲೆ ಭಾರ ಬೀಳಬೇಕು. ನಡೆದಾಗ, ಓಡಿದಾಗ, ಕುಂಟೆಬಿಲ್ಲೆಯಲ್ಲಿ ಜಿಗಿದಾಗ ಮೂಳೆಗೆ ಬೀಳುವ ಪೆಟ್ಟೇ ಆಕರಕೋಶಕ್ಕೆ 'ಮೂಳೆಯಾಗು' ಎಂದು ಹೇಳುವ ಸೂಚನೆ.

ನಮ್ಮ ಆಯುರ್ವೇದದ ಸಪ್ತಧಾತುಗಳ ಪಟ್ಟಿಯನ್ನು ಕೇಳಿರುತ್ತೀರಿ: ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ. ಮೇದಸ್ಸು, ಅಸ್ಥಿ, ಮಜ್ಜೆ, ಅಂದರೆ ಕೊಬ್ಬು, ಮೂಳೆ, ಮಜ್ಜೆ, ಅಕ್ಕಪಕ್ಕದಲ್ಲಿ ಕುಳಿತಿವೆ. ಹಿಂದಿನವರಿಗೆ ಆಕರಕೋಶದ ವಿಷಯ ಗೊತ್ತಿತ್ತು ಎಂದು ಇದರಿಂದ ಸಾಧಿಸಲು ಹೊರಡುವುದು ಸಲ್ಲದು. ಆದರೆ ಈ ಮೂರನ್ನು ನೆರೆಹೊರೆಯಲ್ಲಿಟ್ಟು ನೋಡಿದರಲ್ಲ ಎಂಬುದು ಮಾತ್ರ ಸೋಜಿಗ.

ಇನ್ನು ನಿಮ್ಮ ವಯಸ್ಸಿನ ವಿಚಾರ. ಮೂಳೆಗೆ ಸುಣ್ಣದಂಶ ಅತಿ ವೇಗವಾಗಿ ಸೇರುವುದು ಹುಡುಗಿಯರಲ್ಲಿ ಸುಮಾರು ಹನ್ನೆರಡೂವರೆ ವರ್ಷಕ್ಕೆ, ಹುಡುಗರಲ್ಲಿ ಸುಮಾರು ೧೪ ವರ್ಷಕ್ಕೆ. ಈ ವಯಸ್ಸಿನ ಆಚೀಚಿನ ಎರಡು ವರ್ಷಗಳಲ್ಲಿಯೇ ಒಬ್ಬ ವಯಸ್ಕನ ಮೂಳೆಯಲ್ಲಿರುವ ಸುಣ್ಣದಂಶದ ಕಾಲು ಭಾಗದಷ್ಟು ಬಂದು ಸೇರುತ್ತದೆ. ೨೫-೩೦ ವರ್ಷದ ಹೊತ್ತಿಗೆ ಕಟ್ಟುವ ಕೆಲಸ ಶಿಖರ ಮುಟ್ಟಿ, ಆಮೇಲೆ ಇರುವುದನ್ನು ಕಾಪಾಡಿಕೊಳ್ಳುವುದಷ್ಟೇ ಉಳಿಯುತ್ತದೆ. ಹೈಸ್ಕೂಲು, ಪಿ.ಯು.ಸಿ. ವಿದ್ಯಾರ್ಥಿಗೆ ದಿನಕ್ಕೆ ಸುಮಾರು ೧,೦೦೦ ಮಿಲಿಗ್ರಾಂ ಸುಣ್ಣದಂಶ ಬೇಕು. ಈ ವಿಷಯದಲ್ಲಿ ಕೋಲಾರದವರು ಅದೃಷ್ಟವಂತರು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶ ಇದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ೧೦ ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಹಸುವಿನ ಹಾಲಿನಲ್ಲಿ ಸುಮಾರು ೧೨೦. ಮುದ್ದೆಯನ್ನು ಹಳ್ಳಿಯ ಊಟವೆಂದು ಹಾಸ್ಟೆಲಿನಲ್ಲಿ ಮೂಗು ಮುರಿಯುವವರು ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದೆಲ್ಲವೂ ಮೈಗೆ ಹತ್ತುವುದಿಲ್ಲ ಎಂಬುದು ನಿಜ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ಮೊಳಕೆ ರಾಗಿಯ ಹುರಿಹಿಟ್ಟು ಮಾಡುವ ಅಜ್ಜಿಯರಿಗೆ ಆ ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಗೊತ್ತಿದೆ.

ಈಗ ನೀರಿನ ಕಡೆಗೆ ಬರೋಣ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇಲ್ಲಿನವರು ಕೆರೆ ಕಟ್ಟಿ, ತೆರೆದ ಬಾವಿ ತೋಡಿ ಬದುಕಿದವರು. ಮೇಲ್ಪದರದ ಆ ನೀರು ಮಳೆಯಿಂದ ಬಂದು ಬೇಗ ಬಳಕೆಯಾಗುತ್ತಿತ್ತು. ಕೆರೆಗಳು ಬತ್ತಿ, ಬಾವಿಗಳು ಒಣಗಿ, ಕೊಳವೆ ಬಾವಿಗಳು ನೂರಾರು ಅಡಿ ಇಳಿದು ಎಷ್ಟೋ ಕಡೆ ಸಾವಿರ ಅಡಿಯನ್ನೂ ದಾಟಿದವು. ಅಷ್ಟು ಆಳದಲ್ಲಿರುವುದು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ನಮ್ಮ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಎಷ್ಟು ಕಾಲ ಕಲ್ಲಿನೊಡನೆ ಇರುತ್ತದೋ ಅಷ್ಟು ಫ್ಲೋರೈಡ್ ಅದಕ್ಕೆ ಬಿಟ್ಟುಕೊಳ್ಳುತ್ತದೆ. ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ ೧ ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಕೋಲಾರದ ಹಲವು ಹಳ್ಳಿಗಳ ಕೊಳವೆ ಬಾವಿಗಳು ಈ ಗೆರೆಯನ್ನು ದಾಟಿವೆ. ೨೦೦೭ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕಡೆಯೂ ಇದೇ ಕಥೆ.

ಭಾರತದಲ್ಲಿ ಈ ಕಾಯಿಲೆಯ ವಿವರಣೆ ನಮ್ಮ ನೆರೆಯಿಂದಲೇ ಆರಂಭವಾಯಿತು. ೧೯೩೭ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಕಂಡ ಬೆನ್ನು, ಕುತ್ತಿಗೆಗಳ ಬಿಗಿತಕ್ಕೆ ನೀರಿನ ಫ್ಲೋರೈಡ್ ಕಾರಣವೆಂದು ಶಾರ್ಟ್ ಮತ್ತು ಅವರ ಸಂಗಡಿಗರು ಬರೆದರು. ಫ್ಲೋರೈಡ್ ಮೂಳೆಯ ಖನಿಜದ ಹರಳಿನೊಳಗೆ ಒಂದು ಘಟಕವನ್ನು ತಳ್ಳಿ ತಾನು ಕೂರುತ್ತದೆ. ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಅವು ಅಡ್ಡಾದಿಡ್ಡಿಯಾಗಿ ಮೂಳೆ ಕಟ್ಟಲು ತೊಡಗುತ್ತವೆ. ಮೂಳೆ ದಪ್ಪವಾಗುತ್ತದೆ, ಎಕ್ಸ್-ರೇಯಲ್ಲಿ ಬೆಳ್ಳಗೆ ಮಿರುಗುತ್ತದೆ. ಬೆನ್ನುಮೂಳೆಗಳನ್ನು ಬಿಗಿದಿಟ್ಟ ಅಸ್ಥಿರಜ್ಜುಗಳೂ ಮೂಳೆಯಾಗುತ್ತವೆ. ಕಾಯಿಲೆ ತೀವ್ರವಾದಾಗ ಒಳಮುಖವಾಗಿಯೂ ಬೆಳೆದು ಮಜ್ಜೆಯ ಜಾಗವನ್ನೇ ಕಿರಿದು ಮಾಡುತ್ತದೆ. ಸವೆದ ಮೂಳೆಯಲ್ಲಿ ಮನೆಯೇ ಕರಗಿ ಉಗ್ರಾಣ ಹಿಗ್ಗಿತ್ತು. ಇಲ್ಲಿ ಗೋಡೆ ಊದಿಕೊಂಡು ಮನೆಯ ಒಳಗನ್ನೇ ನುಂಗುತ್ತದೆ.

ದಪ್ಪವಾದ ಮೂಳೆ ಗಟ್ಟಿಯಲ್ಲವೆ? ಈ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ ಸಿಕ್ಕಿತು. ಫ್ಲೋರೈಡ್ ಮೂಳೆಯನ್ನು ದಪ್ಪ ಮಾಡುವುದಾದರೆ ಮೂಳೆ ಸವೆತಕ್ಕೆ ಅದನ್ನೇ ಮದ್ದಾಗಿ ಕೊಡಬಹುದಲ್ಲ ಎಂದು ವೈದ್ಯರು ಯೋಚಿಸಿದರು. ಮುಟ್ಟು ನಿಂತ ೨೦೨ ಹೆಂಗಸರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗದ ಫಲಿತಾಂಶ ೧೯೯೦ರಲ್ಲಿ ಹೊರಬಂತು. ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ಶೇಕಡ ೩೫ರಷ್ಟು ಏರಿತ್ತು. ಆದರೆ ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ಇಳಿಯಲಿಲ್ಲ. ಉಳಿದ ಮೂಳೆಗಳ ಮುರಿತ ಹೆಚ್ಚೇ ಆಯಿತು. ಸಾಂದ್ರತೆ ಬೇರೆ, ಬಲ ಬೇರೆ ಎಂದು ಇದರಿಂದ ತಿಳಿಯಿತು. ಅವರು ಔಷಧವೆಂದು ಕೊಟ್ಟು ನಿಲ್ಲಿಸಿದ್ದನ್ನು ನಮ್ಮ ಹಳ್ಳಿಗಳ ಜನ ಕಡಿಮೆ ಪ್ರಮಾಣದಲ್ಲಿ, ಆದರೆ ಹುಟ್ಟಿನಿಂದ ಕುಡಿಯುತ್ತಿದ್ದಾರೆ ಎಂಬುದನ್ನು ಯೋಚಿಸಿದರೆ ಕಸಿವಿಸಿಯಾಗುತ್ತದೆ.

ನೀರಿನ ಜೊತೆಗೆ ಊಟವೂ ಸೇರಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ೧೯೭೩ರಲ್ಲಿ ಆಂಧ್ರದ ಫ್ಲೋರೈಡ್ ಪ್ರದೇಶದ ಹದಿಹರೆಯದವರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಗಲುವ ವಿಕಾರವನ್ನು ವರದಿ ಮಾಡಿದರು. ಅವರಲ್ಲಿ ಮೂಳೆ ಸವೆತವೂ ಇತ್ತು. ಊಟದಲ್ಲಿ ಸುಣ್ಣದಂಶ ಕಡಿಮೆಯಿದ್ದಾಗ ಫ್ಲೋರೈಡಿನ ಹಾವಳಿ ಹೆಚ್ಚು. ಊಟದಲ್ಲಿ ಸುಣ್ಣದಂಶ ಇದ್ದರೆ ಅದು ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದು ಸ್ವಲ್ಪವನ್ನಾದರೂ ಹೊರಗೆ ಸಾಗಿಸುತ್ತದೆ. ಮುದ್ದೆ, ಮೊಸರು, ಬೆರಕೆ ಸೊಪ್ಪಿನ ಸಾರು ಇಲ್ಲಿಯೂ ನೆರವಿಗೆ ಬರುತ್ತವೆ. ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಗುವುದನ್ನೂ ಅದೇ ಸಂಸ್ಥೆಯವರು ೨೦೦೨ರಲ್ಲಿ ಪ್ರಕಟಿಸಿದ್ದಾರೆ. ಆದರೆ ಹುಳಿಸಾರು ಉಂಡು ಕೆಟ್ಟ ನೀರನ್ನೇ ಕುಡಿಯುತ್ತ ಇರಬಹುದು ಎಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ.

ನಿಮ್ಮ ತರಗತಿಯಲ್ಲಿ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಗೆಳೆಯರಿದ್ದಾರೆಯೆ? ಹಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ, ಅಡ್ಡಡ್ಡವಾಗಿ ಹಳದಿ ಅಥವಾ ಕಂದು ಪಟ್ಟೆ ಇರುವುದನ್ನು ನೋಡಿರಬಹುದು. ಅದು ಹಲ್ಲುಜ್ಜದ ಕೊಳೆಯಲ್ಲ. ಬಾಯಿಗೆ ಬರುವ ಮೊದಲೇ, ದವಡೆಯ ಒಳಗೆ ಹಲ್ಲಿನ ಹೊಳಪುಪದರ ತಯಾರಾಗುವಾಗ ಬಿದ್ದ ಗುರುತು ಅದು. ಆ ಪದರ ಸುಮಾರು ೮ ವರ್ಷದೊಳಗೆ ತಯಾರಾಗಿ ಮುಗಿಯುವುದರಿಂದ, ಆ ಹಲ್ಲು ಒಬ್ಬರು ಎಂಟು ವರ್ಷದವರೆಗೆ ಎಂಥ ನೀರು ಕುಡಿದರು ಎಂಬುದನ್ನು ಬರೆದಿಟ್ಟ ದಾಖಲೆ. ಎಷ್ಟು ಉಜ್ಜಿದರೂ ಹೋಗದು. ಉಜ್ಜಿಲ್ಲ ಎಂದು ಅವರನ್ನು ಗದರುವ ಉಪಾಧ್ಯಾಯರಿಗೂ, ಹೆಣ್ಣು ನೋಡಲು ಬಂದು ಹಲ್ಲು ಕಂಡು ಎದ್ದುಹೋಗುವ ಹಿರಿಯರಿಗೂ ಈ ಸಂಗತಿ ತಿಳಿದಿರಬೇಕಿತ್ತು. ಹಲ್ಲಿನಲ್ಲಿ ಗುರುತಿದ್ದ ಮಾತ್ರಕ್ಕೆ ಮೂಳೆಗೂ ಕಾಯಿಲೆ ಬಂದಿದೆ ಎಂದಲ್ಲ. ಆದರೆ ಆ ನೀರನ್ನು ಇನ್ನೂ ಕುಡಿಯುತ್ತಿದ್ದರೆ ಮೂಳೆಯ ಸರದಿ ಮುಂದಿದೆ. ಬೆಳೆಯುತ್ತಿರುವ ಮೂಳೆ ಫ್ಲೋರೈಡನ್ನು ವಯಸ್ಕರ ಮೂಳೆಗಿಂತ ಹೆಚ್ಚಾಗಿ ಉಳಿಸಿಕೊಳ್ಳುತ್ತದೆ.

ಮೂಳೆಯ ಬಿಗಿತವನ್ನು ಸುಮ್ಮನೆ ನಿಂತಲ್ಲೇ ಅಂದಾಜು ಮಾಡುವ ಮೂರು ಪರೀಕ್ಷೆಗಳನ್ನು ವೈದ್ಯರು ಬಳಸುತ್ತಾರೆ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳನ್ನು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯುವುದು. ನಿಮ್ಮ ಮನೆಯ ದೊಡ್ಡವರಿಗೆ ಇದು ಸಾಧ್ಯವಾಗದಿದ್ದರೆ ಫ್ಲೋರೈಡೇ ಕಾರಣವೆಂದು ನೀವೇ ತೀರ್ಮಾನಿಸಬೇಡಿ, ವಯಸ್ಸು, ದುಡಿತ, ಬೇರೆ ಕಾಯಿಲೆಗಳೂ ಇರಬಹುದು. ಆಸ್ಪತ್ರೆಗೆ ಕರೆದೊಯ್ಯಿರಿ, ಕುಡಿಯುವ ನೀರಿನ ವಿಷಯವನ್ನೂ ವೈದ್ಯರಿಗೆ ಹೇಳಿ. ಒಮ್ಮೆ ಗಟ್ಟಿಯಾದ ಬೆನ್ನನ್ನು ಬಾಗಿಸುವ ಔಷಧವಿಲ್ಲ. ಮೊದಲ ಹಂತದಲ್ಲಿ ನೀರು ಬದಲಿಸಿದರೆ ಕಾಯಿಲೆ ಮುಂದುವರಿಯುವುದನ್ನು ತಡೆಯಬಹುದು.

ನೀರನ್ನು ಕುದಿಸಿದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಹಳ್ಳಿಗಳಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ಯಂತ್ರ ಸರಿಯಾಗಿ ಓಡುತ್ತಿದ್ದರೆ ಫ್ಲೋರೈಡ್ ಇಳಿಯುತ್ತದೆ. ಕೆಟ್ಟು ನಿಂತ ಘಟಕದಿಂದ ಯಾರಿಗೇನು ಲಾಭ? ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್ ನಗಣ್ಯ. ಮೊದಲ ಮಳೆಯನ್ನು ಬಿಟ್ಟು, ಶುಚಿಯಾಗಿ ಹಿಡಿದಿಟ್ಟರೆ ಕುಡಿಯಲು, ಅಡಿಗೆಗೆ ಅದಕ್ಕಿಂತ ಮೃದುವಾದ ನೀರು ಇಲ್ಲಿ ಸಿಗದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಸಂಸ್ಕರಿಸಿದ ನೀರು ೨೦೧೮ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಏರಿಸಲು ತಂದದ್ದು, ನೇರವಾಗಿ ಕುಡಿಯಲು ಅಲ್ಲ. ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು ೨೦೨೩ರಲ್ಲಿ ಉದ್ಘಾಟನೆಯಾಯಿತು. ಅದನ್ನು ಕಟ್ಟಿದ್ದು ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯ ಕುಡಿಯುವ ನೀರಿಗಾಗಿ. ಬಾವಿಯ ಮಟ್ಟ ಏರಿತೆಂದ ಮಾತ್ರಕ್ಕೆ ಫ್ಲೋರೈಡ್ ಇಳಿಯಿತೆಂದು ನಂಬಲಾಗದು. ಒಂದೇ ಊರಿನ ಎರಡು ಕೊಳವೆ ಬಾವಿಗಳಲ್ಲಿ ಎರಡು ಬಗೆಯ ನೀರು ಇರುವುದುಂಟು. ಆದ್ದರಿಂದ ಪ್ರತಿ ಬಾವಿಯನ್ನೂ ಅಳೆದೇ ನೋಡಬೇಕು.

ಅಳೆಯುವುದು ವಿದ್ಯಾರ್ಥಿಗಳಿಂದ ಆಗದ ಕೆಲಸವೇನಲ್ಲ. ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿಸಿದ ಕೆಂಪು ದ್ರಾವಣಕ್ಕೆ ಫ್ಲೋರೈಡ್ ಇರುವ ನೀರನ್ನು ಬೆರೆಸಿದರೆ ಕೆಂಪು ಮಾಸಿ ಹಳದಿಗೆ ತಿರುಗುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಹಳದಿ ಹೆಚ್ಚು. ವಿಜ್ಞಾನ ವಿಭಾಗವಿರುವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರ ಮಾರ್ಗದರ್ಶನದಲ್ಲಿ ಇದನ್ನು ಮಾಡಬಹುದು. ಶಾಲೆಯವರು ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯೇ ಎಂದು ವಿಚಾರಿಸಬಹುದು. ನಿಖರವಾದ ಅಂಕಿ ಬೇಕಾದರೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಮಾದರಿಯನ್ನು ಗಾಜಿನ ಶೀಷೆಯಲ್ಲಿ ತುಂಬಬೇಡಿ, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆದು, ಪಂಪು ಕೆಲವು ನಿಮಿಷ ಓಡಿದ ಮೇಲೆ ಹಿಡಿಯಿರಿ. ಊರಿನ ಹೆಸರು, ಬಾವಿ ಇರುವ ಜಾಗ, ತಾರೀಖು, ಆಳ ಇಷ್ಟನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಆಳ ಎಷ್ಟೆಂದು ತಿಳಿಯದಿದ್ದರೆ ನಿಮ್ಮೂರಿನ ನೀರುಗಂಟಿಯನ್ನು ಕೇಳಿ. ಯಾವ ಬಾವಿಗೆ ಎಷ್ಟು ಪೈಪು ಇಳಿದಿದೆ ಎಂಬ ಲೆಕ್ಕ ಅವರ ಬಾಯಲ್ಲಿರುತ್ತದೆ.